ಅಂಗಭೋಗ–ರಂಗಭೋಗ: ಕನ್ನಡ ನಾಡಿನ ಊರಹಬ್ಬಗಳಲ್ಲಿ ದೀಪವೂ ಅಟ್ಟವೂ

ಊರ ನಡುವೆ ನಡೆಯುವ ಉತ್ಸವಗಳಲ್ಲಿ ದೀಪಾಲಂಕಾರವೂ ರಂಗಸಜ್ಜಿಕೆಯೂ ಈಚಿನ ಕಾಲದ ಬೆಡಗುಗಳೆಂಬ ಅಭಿಪ್ರಾಯವು ವಿದ್ಯಾವಂತರಲ್ಲಿ ಸಾಮಾನ್ಯವಾಗಿ ನೆಲೆಗೊಂಡಿದೆ. ವಿದ್ಯುಚ್ಛಕ್ತಿಯು ಬಂದ ಬಳಿಕ ದೀಪದ ಸೊಗಸೂ, ಮುಂಬಯಿಯ ಪಾರಸೀ ನಾಟಕ ಮಂಡಲಿಗಳ ಪರಿಚಯವಾದ ಬಳಿಕ ರಂಗದ ಸೊಗಸೂ ಕನ್ನಡಿಗರಿಗೆ ತಿಳಿದುವೆಂದು ಹೇಳುವವರುಂಟು. ಆದರೆ ನಾಡಿನ ಶಾಸನಗಳನ್ನೂ, ಪರದೇಶದ ಪ್ರವಾಸಿಗರ ಬರಹಗಳನ್ನೂ, ಇಂದಿಗೂ ಹಳ್ಳಿಪಟ್ಟಣಗಳಲ್ಲಿ ಉಳಿದುಬಂದಿರುವ ಆಚರಣೆಗಳನ್ನೂ ಜೊತೆಗಿಟ್ಟು ನೋಡಿದರೆ ಈ ಅಭಿಪ್ರಾಯವು ನಿಲ್ಲಲಾರದು. ಬೆಳಕನ್ನೂ ಎತ್ತರವನ್ನೂ ಕೂಡಿಸಿ ಊರಿನ ಒಂದು ಬಯಲನ್ನು ಕೆಲವು ಗಳಿಗೆಗಳ ಮಟ್ಟಿಗೆ ಬೇರೊಂದು ಲೋಕವನ್ನಾಗಿ ಮಾಡುವ ಕಲೆಯು ಈ ನಾಡಿನಲ್ಲಿ ಪುರಾತನವಾದುದು. ಕಾಲಕಾಲಕ್ಕೆ ಬದಲಾದುದು ದೀಪದ ಜಾತಿ ಮಾತ್ರವಲ್ಲ. ಆ ದೀಪಕ್ಕೂ ಜನಕ್ಕೂ ಇದ್ದ ಸಂಬಂಧವೂ ಬದಲಾಗಿದೆ. ಈ ಎರಡನೆಯ ಬದಲಾವಣೆಯನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ಬೇಕಾದ ನಿದರ್ಶನಗಳಲ್ಲಿ ಬಹುಭಾಗವು ವರದಾ ಮತ್ತು ತುಂಗಭದ್ರೆಗಳ ನಡುವಣ ಸೀಮೆಯಿಂದ, ಎಂದರೆ ಹೊಸರಿತ್ತಿ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸುತ್ತಣ ಪ್ರದೇಶದಿಂದ ದೊರೆಯುತ್ತದೆ.

೧. ಶಾಸನಗಳ ಸಾಕ್ಷ್ಯ

ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಅಂಗಭೋಗ ರಂಗಭೋಗ’ ಎಂಬ ಜೋಡುನುಡಿಯು ಚಿರಪರಿಚಿತವಾದುದು. ದೇವರ ಸ್ನಾನ, ಗಂಧ, ಧೂಪ, ದೀಪಾದಿಗಳು ಅಂಗಭೋಗ. ದೇವರ ಮುಂದೆ ನಡೆಯುವ ಗೀತ, ವಾದ್ಯ, ನೃತ್ಯಗಳು ರಂಗಭೋಗ. ಇವುಗಳ ಜೊತೆಗೆ ನಂದಾದೀವಿಗೆ, ಚೈತ್ರ, ಪವಿತ್ರ, ಖಂಡಸ್ಫುಟಿತ ಜೀರ್ಣೋದ್ಧಾರ ಮುಂತಾದುವು ಸೇರಿ ಬರುತ್ತವೆ. ಈ ಮಾತುಗಳನ್ನು ವಾಡಿಕೆಯ ಒಕ್ಕಣೆಯೆಂದು ದಾಟಿಬಿಡುವುದು ಸುಲಭ. ಆದರೆ ದೀಪಕ್ಕೆ ಬಿಟ್ಟ ದತ್ತಿಯೂ ಆಟಕ್ಕೆ ಬಿಟ್ಟ ದತ್ತಿಯೂ ಒಂದೇ ಕಲ್ಲಿನ ಮೇಲೆ, ಒಂದೇ ಉಸಿರಿನಲ್ಲಿ, ಶತಮಾನಗಳ ಕಾಲ ಏತಕ್ಕೆ ಬಂದುವೆಂಬುದು ವಿಚಾರಾರ್ಹವಾಗಿದೆ. ಬೆಳಕಿಲ್ಲದೆ ರಂಗವಿಲ್ಲ, ರಂಗವಿಲ್ಲದ ಬೆಳಕು ಪೂಜೆಗೆ ಸಾಕು, ಉತ್ಸವಕ್ಕೆ ಸಾಲದು. ಇದನ್ನು ಅಂದಿನ ದಾನಿಗಳು ಚೆನ್ನಾಗಿ ಬಲ್ಲವರಾಗಿದ್ದರು.

ಇನ್ನೊಂದು ವಿಷಯವು ಇದಕ್ಕಿಂತ ಮುಖ್ಯವಾದುದು. ದೀಪದ ಎಣ್ಣೆಯು ಎಲ್ಲಿಂದ ಬರುತ್ತಿದ್ದಿತೆಂಬುದನ್ನು ಶಾಸನಗಳೇ ಹೇಳುತ್ತವೆ. ಅರಸನೋ ಮಾಂಡಲಿಕನೋ ಭೂಮಿಯನ್ನು ಬಿಟ್ಟುದಷ್ಟೇ ಅಲ್ಲ. ಗಾಣವೊಂದಕ್ಕೆ ಇಷ್ಟು ಎಣ್ಣೆಯೆಂದು ಊರಿನ ತೆಲ್ಲಿಗರು ಕಟ್ಟು ಮಾಡಿಕೊಂಡು ಕೊಡುತ್ತಿದ್ದರು. ‘ತೆಲ್ಲಿಗರಯ್ವತ್ತೊಕ್ಕಲು’ ಎಂಬ ಸಮೂಹದ ಹೆಸರು ಧಾರವಾಡದ ಸೀಮೆಯ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ. ಸೊಲ್ಲಗೆ, ಮಾನ ಎಂಬ ಸಣ್ಣ ಅಳತೆಗಳಲ್ಲಿ ನಮೂದಾದ ಈ ಎಣ್ಣೆಯು ರಾಜನ ಭಂಡಾರದಿಂದ ಬಂದುದಲ್ಲ, ಬೀದಿಯ ಗಾಣಗಳಿಂದ ಹನಿಹನಿಯಾಗಿ ಬಂದುದು. ಎಂದಮೇಲೆ ಗುಡಿಯ ಮುಂದೆ ಉರಿಯುತ್ತಿದ್ದ ಸೊಡರು ಊರವರದೇ ಆಗಿದ್ದಿತು. ಅದರ ಬೆಳಕಿನಲ್ಲಿ ಕುಳಿತವನಿಗೆ ಅದು ಹೆರವರ ಬೆಳಕಾಗಿ ತೋರುತ್ತಿರಲಿಲ್ಲ. ಶಾಸನಶಿಲೆಯ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೊರೆದು, ದತ್ತಿಯು ‘ಆಚಂದ್ರಾರ್ಕ’ವಾಗಿ ನಡೆಯಲೆಂದು ಬರೆದುದಕ್ಕೆ ನಂದಾದೀವಿಗೆಯ ವಿಷಯದಲ್ಲಿ ಒಂದು ವಿಶೇಷವಾದ ಒಪ್ಪವಿದೆ: ಬಾನಿನ ಎರಡು ದೀಪಗಳ ಸಾಕ್ಷಿಯಾಗಿ ನೆಲದ ಒಂದು ದೀಪವನ್ನು ಊರು ತನ್ನ ಹೊಣೆಗೆ ತೆಗೆದುಕೊಳ್ಳುತ್ತಿದ್ದಿತು.

ಆ ಕಾಲದ ಗುಡಿಗಳ ರಚನೆಯೂ ಇದೇ ಮಾತನ್ನು ಬೆಂಬಲಿಸುತ್ತದೆ. ಕಡೆದು ಮಾಡಿದ ದುಂಡು ಕಂಬಗಳು ಚಾಲುಕ್ಯ ಶಿಲ್ಪದ ಹೆಗ್ಗುರುತು. ನಯಗೊಳಿಸಿದ ಬಳಪದ ಕಲ್ಲಿನ ಈ ಕಂಬಗಳ ಏಣುಗಳೂ ಬಳೆಗಳೂ ಹಗಲಿನ ಹರಡಿದ ಬೆಳಕಿನಲ್ಲಿ ಅಷ್ಟಾಗಿ ಎದ್ದು ಕಾಣವು. ತಗ್ಗಿನಲ್ಲಿಟ್ಟ ಒಂದು ಹಣತೆಯ ಮುಂದೆ ಅವು ಒಂದೊಂದಾಗಿ ಮಿಂಚತೊಡಗುತ್ತವೆ. ಹಾವೇರಿಯ ಸಿದ್ಧೇಶ್ವರ ದೇವಾಲಯವಂತೂ ವಾಡಿಕೆಗೆ ವಿರುದ್ಧವಾಗಿ ಪಶ್ಚಿಮಾಭಿಮುಖವಾಗಿದೆ. ಇಳಿಹೊತ್ತಿನ ಬಿಸಿಲು ಅದರ ಮುಖಮಂಟಪದ ಕಡೆಗೆ ಬೀಳುತ್ತದೆ. ಅದು ಆರಿದ ಮೇಲೆ ಸೊಡರಿನ ಸರದಿ.

೨. ದೀಪವಾಚಕ ಶಬ್ದಗಳು

ಭಾಷೆಯೂ ಒಂದು ಶಾಸನವೇ. ಕನ್ನಡದಲ್ಲಿ ಬೆಳಕಿನ ಸಾಧನಗಳಿಗಿರುವ ಹೆಸರುಗಳನ್ನು ಒಂದೆಡೆ ಸೇರಿಸಿದರೆ ಉತ್ಸವದ ಚರಿತ್ರೆಯ ಪದರಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಸೊಡರ್ ಎಂಬುದು ದೇಶ್ಯ. ತಮಿಳಿನ ಸುಡರ್ ಅದರ ದಾಯಾದಿ. ದೀವಿಗೆಯು ದೀಪಿಕಾ ಶಬ್ದದ ತದ್ಭವ. ದೀವಟಿಗೆಯು ದೀಪವರ್ತಿಕೆಯಿಂದ ಬಂದುದು. ಪಂಜು ಹಳ್ಳಿಯ ಮಾತು. ಉತ್ತರ ಕರ್ನಾಟಕದಲ್ಲಿ ಕೇಳಿಬರುವ ಹಿಲಾಲು ಅರಬೀ ಭಾಷೆಯದು. ಅಲ್ಲಿ ಅದಕ್ಕೆ ಬಿದಿಗೆಯ ಚಂದ್ರನೆಂದರ್ಥ. ಬಾಣ ಬಿರುಸುಗಳ ಜೊತೆಗೆ ಬರುವ ಮತಾಪು ಪಾರಸಿಯ ಮಾಹ್‌ತಾಬ್, ಎಂದರೆ ಬೆಳುದಿಂಗಳು. ಬಳಿಕ ಗ್ಯಾಸಬತ್ತಿ, ಅದರ ಹಿಂದೆ ವಿದ್ಯುದ್ದೀಪ. ಗುಡಿಯೊಳಗಿನ ದೀಪಕ್ಕೆ ದೇಶ್ಯ ಮತ್ತು ಸಂಸ್ಕೃತಜನ್ಯ ಶಬ್ದಗಳೂ, ಬೀದಿಯ ಮೆರವಣಿಗೆಯ ದೀಪಕ್ಕೆ ಅರಬೀ ಪಾರಸೀ ಶಬ್ದಗಳೂ ಹೆಚ್ಚಾಗಿ ಅಂಟಿಕೊಂಡಿರುವುದು ಗಮನಾರ್ಹ. ಉತ್ಸವದ ಬೆಳಕು ಗರ್ಭಗೃಹದಿಂದ ಬೀದಿಗೆ ಬಂದಂತೆಲ್ಲ ಎಲ್ಲ ಮತದ, ಎಲ್ಲ ಕಸುಬಿನ ಕೈಗಳೂ ಅದಕ್ಕೆ ತಗುಲಿದುವೆಂಬುದಕ್ಕೆ ಇದು ನಿದರ್ಶನವಾಗಿದೆ.

೩. ಮಹಾನವಮಿಯ ಬಯಲು

ಊರಿನ ಬಯಲನ್ನು ದೀಪದಿಂದಲೂ ಅಟ್ಟಗಳಿಂದಲೂ ಮಾರ್ಪಡಿಸುವ ಕಲೆಯು ಪರಾಕಾಷ್ಠೆಯನ್ನು ಮುಟ್ಟಿದುದು ವಿಜಯನಗರದಲ್ಲಿ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿಗೆ ಬಂದ ಇಟಲಿಯ ನಿಕೊಲೊ ಕಾಂಟಿಯು ಒಂದು ಹಬ್ಬದಲ್ಲಿ ದೇವಾಲಯಗಳ ಒಳಗೂ ಹೊರಗೂ ಮಾಳಿಗೆಗಳ ಮೇಲೂ ಅಸಂಖ್ಯಾತವಾದ ಎಣ್ಣೆಯ ದೀಪಗಳು ಹಗಲಿರುಳು ಉರಿಯುತ್ತಿದ್ದುದನ್ನು ಹೇಳುತ್ತಾನೆ. ೧೪೪೩ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ಹೇರಾತಿನ ಷಾರುಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಮಹಾನವಮಿಯ ಉತ್ಸವವನ್ನು ಕಂಡು ವಿವರವಾಗಿ ಬರೆದಿದ್ದಾನೆ. ಮೂರು, ನಾಲ್ಕು, ಐದು ನೆಲೆಗಳ ಮಂಟಪಗಳು ಬಯಲಿನಲ್ಲಿ ನಿಂತಿದ್ದುವು. ಅವುಗಳ ಮೈಮೇಲೆಲ್ಲ ಚಿತ್ರಗಳನ್ನು ಬರೆದಿದ್ದರು. ಅವುಗಳಲ್ಲಿ ಕೆಲವು ತಿರುಗುವ ಮಂಟಪಗಳಾಗಿದ್ದು, ಕ್ಷಣಕ್ಷಣಕ್ಕೂ ಹೊಸದೊಂದು ಮುಖವನ್ನು ನೋಡುವವರಿಗೆ ಒಡ್ಡುತ್ತಿದ್ದುವು. ಅರಸನ ಎದುರಿಗೆ ತೆರೆಯ ಮರೆಯಲ್ಲಿ ನಿಂತಿದ್ದ ನರ್ತಕಿಯರು, ಆ ತೆರೆಯು ಎರಡು ಪಕ್ಕಕ್ಕೂ ಫಕ್ಕನೆ ಸರಿದೊಡನೆ ಹೆಜ್ಜೆಯಿಡತೊಡಗುತ್ತಿದ್ದರು. ಬಾಣ ಬಿರುಸುಗಳ ಬಗೆಗಳನ್ನಂತೂ ವಿಸ್ತರಿಸದೆ ಹೇಳಿ ಮುಗಿಸಲಾಗದೆಂದು ಅವನು ಬಿಟ್ಟಿದ್ದಾನೆ.

ಈ ವರ್ಣನೆಯಲ್ಲಿ ಬರೆದ ಚಿತ್ರ, ತಿರುಗುವ ಯಂತ್ರ, ಸರಿಯುವ ತೆರೆ ಮೂರೂ ಇವೆ. ಹತ್ತೊಂಬತ್ತನೆಯ ಶತಮಾನದ ನಾಟಕ ಮಂಡಲಿಗಳು ಹೊಸದಾಗಿ ತಂದುವೆಂದು ಹೇಳಲಾಗುವ ಸಾಧನಗಳೂ ಮುಖ್ಯವಾಗಿ ಇವೇ. ಆ ಮಂಡಲಿಗಳು ವಿಜಯನಗರದಿಂದಲೇ ಇಳಿದುಬಂದುವೆಂದು ಸಾಧಿಸುವ ಅವಶ್ಯಕತೆಯಿಲ್ಲ; ೧೫೬೫ರ ಬಳಿಕ ಆ ರಾಜಧಾನಿಯೇ ಹಾಳಾಯಿತು. ಕನ್ನಡಿಗರ ಕಣ್ಣಿಗೆ ಅವು ಅಪೂರ್ವವಲ್ಲವೆಂಬಷ್ಟು ಮಾತ್ರ ಇಲ್ಲಿ ಸಿದ್ಧವಾಗುತ್ತದೆ.

೧೫೨೦ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ತುಗೀಜ ಡೊಮಿಂಗೊ ಪಾಯಸನು ಕಂಡ ಇರುಳಿನ ನೋಟವು ಇನ್ನೂ ಸ್ಪಷ್ಟವಾಗಿದೆ. ಕತ್ತಲಾದೊಡನೆ ಬಯಲಿನ ಸುತ್ತ ಪಂಜುಗಳನ್ನೂ ಬಟ್ಟೆಯಿಂದ ಮಾಡಿದ ದೊಡ್ಡ ದೀವಟಿಗೆಗಳನ್ನೂ ಹೊತ್ತಿಸುತ್ತಿದ್ದರು. ಗೋಡೆಗಳ ತೆನೆತೆನೆಯ ಮೇಲೂ ದೀಪಗಳಿದ್ದುವು. ಇಡೀ ಬಯಲು ಹಗಲಿನಂತಾಗುತ್ತಿದ್ದಿತು. ಬಳಿಕ ಆಟಗಳು, ಬಿರುಸುಗಳು, ಉರಿಯುತ್ತ ಬಾಣಗಳನ್ನು ಚಿಮ್ಮುವ ಕೋಟೆಗಳು, ಅವುಗಳ ಹಿಂದೆ ಸರದಾರರ ರಥಗಳು. ಇಲ್ಲಿ ಬೆಳಕಿನ ವಿನ್ಯಾಸವನ್ನು ಗಮನಿಸಬೇಕು. ದೀಪಗಳು ಅರಸನ ಪೀಠದ ಮೇಲೆ ಮಾತ್ರವಿಲ್ಲ; ನೆರೆದ ಜನವನ್ನು ಸುತ್ತುಗಟ್ಟಿ ನಿಂತಿವೆ. ನೋಡುವವನು ಕತ್ತಲಲ್ಲಿ ನಿಂತು ಬೆಳಕಿನ ಕಡೆಗೆ ನೋಡುವುದಲ್ಲ. ಬೆಳಕಿನ ಬಳೆಯೊಳಗೆ ಅವನೂ ಇದ್ದಾನೆ. ಅವನು ನೋಟಕನೂ ಹೌದು, ನೋಟವೂ ಹೌದು.

ಸುಮಾರು ೧೫೩೫ರಲ್ಲಿ ಬರೆದ ನೂನಿಜನು ಈ ವ್ಯವಸ್ಥೆಯ ಹಿಂದಿನ ಕಟ್ಟನ್ನು ತಿಳಿಸುತ್ತಾನೆ. ಬಯಲಿನಲ್ಲಿ ಒಂಬತ್ತು ಎತ್ತರವಾದ ಕೋಟೆಗಳನ್ನು ಒಂಬತ್ತು ಮಂದಿ ಮುಖ್ಯ ನಾಯಕರು ಕಟ್ಟಿಸಬೇಕು; ಇವಲ್ಲದೆ ಪ್ರತಿಯೊಬ್ಬ ನಾಯಕನೂ ತನ್ನದೊಂದನ್ನು ತನ್ನದೇ ಆದ ಕಲ್ಪನೆಯಿಂದ ರಚಿಸಿ ಅರಸನಿಗೆ ತೋರಿಸಬೇಕು; ನಗರದ ಅಧಿಕಾರಿಗಳೂ ಪ್ರತಿ ರಾತ್ರಿ ತಮ್ಮ ತಮ್ಮ ರಚನೆಗಳೊಡನೆ ಬರಬೇಕು. ಗಾಣಿಗನ ಸೊಲ್ಲಗೆಯೆಣ್ಣೆಗೂ ನಾಯಕನ ಕೋಟೆಗೂ ಗಾತ್ರದಲ್ಲಿ ಅಜಗಜಾಂತರವಿದ್ದರೂ, ಉತ್ಸವವು ಹಲವರ ಪಾಲಿನಿಂದ ನಡೆಯತಕ್ಕದ್ದೆಂಬ ತತ್ತ್ವವು ಎರಡಕ್ಕೂ ಒಂದೇ. ಭೇದವಿರುವುದು ಇಷ್ಟರಲ್ಲಿ: ಗಾಣಿಗನ ಪಾಲು ಒಕ್ಕಲಿನ ಒಪ್ಪಂದ, ನಾಯಕನ ಪಾಲು ಅರಸನ ಕಟ್ಟಳೆ. ಕನಕದಾಸರ ಮೋಹನತರಂಗಿಣಿಯ ದ್ವಾರಕೆಯಲ್ಲಿ ವಿಜಯನಗರದ ವೈಭವವೇ ನೆರಳಾಡುತ್ತಿದೆಯೆಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಆ ಕವಿಯ ಬಾಡವೂ ಕಾಗಿನೆಲೆಯೂ ಇದೇ ಹಾವೇರಿಯ ಸೀಮೆಯವೆಂಬುದನ್ನು ನೆನೆದರೆ, ರಾಜಧಾನಿಯ ಉತ್ಸವದ ಹೊಳಪು ಎಲ್ಲಿಯವರೆಗೆ ಹಬ್ಬಿದ್ದಿತೆಂಬುದು ಮನಗಾಣುತ್ತದೆ.

೪. ಅಟ್ಟದಾಟ, ಪಂಜು, ಗುಗ್ಗಳ

ರಾಜಧಾನಿ ಅಳಿಯಿತು, ಹಳ್ಳಿಯ ಬಯಲು ಉಳಿಯಿತು. ಉತ್ತರ ಕರ್ನಾಟಕದ ದೊಡ್ಡಾಟಕ್ಕೆ ಅಟ್ಟದಾಟವೆಂಬ ಹೆಸರೂ ಉಂಟು. ಕಂಬಗಳನ್ನು ನೆಟ್ಟು, ಹಲಗೆ ಹಾಸಿ, ಆಳೆತ್ತರದ ಅಟ್ಟವನ್ನು ಕಟ್ಟಿ ಇರುಳೆಲ್ಲ ಆಡುವ ಆಟವಾದುದರಿಂದ ಸಾಧನದ ಹೆಸರೇ ಕಲೆಗೆ ಬಂದಿದೆ. ಇದರ ವೇಷಭೂಷಣಗಳನ್ನು ಹಗಲಿನಲ್ಲಿ ನೋಡಿದವರು ಅತಿಯಾಯಿತೆಂದು ಮೂಗು ಮುರಿಯುವುದುಂಟು: ಬೇಗಡೆ ಹಚ್ಚಿದ ಮರದ ಕಿರೀಟ, ಅಗಲವಾದ ಭುಜಕೀರ್ತಿ, ಎದೆಗಟ್ಟು, ಕನ್ನಡಿಯ ಚೂರುಗಳು, ಮುಖಕ್ಕೆ ಅರದಾಳದ ಹಳದಿ. ಆದರೆ ಇವು ಹಗಲಿಗಾಗಿ ಮಾಡಿದುವಲ್ಲ. ಎರಡು ಪಕ್ಕಗಳಲ್ಲಿ ಹಿಡಿದ ಪಂಜುಗಳ ಕೆಂಪಾದ, ಓಲಾಡುವ ಬೆಳಕಿನಲ್ಲಿ ತೆಳುವಾದ ಬಣ್ಣವು ಕರಗಿಹೋಗುತ್ತದೆ. ಬೇಗಡೆಯೂ ಕನ್ನಡಿಯೂ ಆ ಬೆಳಕನ್ನು ಹಿಡಿದು ಮರಳಿ ಎಸೆಯುತ್ತವೆ. ರಾಕ್ಷಸನ ಪ್ರವೇಶದ ವೇಳೆಗೆ ಪಂಜಿನ ಮೇಲೆ ರಾಳದ ಪುಡಿಯನ್ನು ಎರಚಿದರೆ ಉರಿಯು ಭಗ್ಗೆಂದು ಏಳುತ್ತದೆ. ಕೈಯಲ್ಲಿ ಹಿಡಿದ ತೆರೆಯು ಇಳಿಯುತ್ತದೆ. ವೇಷವು ಉರಿಯೊಳಗಿಂದಲೇ ಹುಟ್ಟಿಬಂದಂತೆ ತೋರುತ್ತದೆ. ಇಷ್ಟು ಸ್ವಲ್ಪ ಸಾಮಗ್ರಿಯಿಂದ ಇಷ್ಟು ದೊಡ್ಡ ಪರಿಣಾಮವನ್ನು ಪಡೆದ ರಂಗಕಲೆಯನ್ನು ಒರಟೆಂದು ಕರೆಯುವುದು ನ್ಯಾಯವಲ್ಲ. ಗ್ಯಾಸಬತ್ತಿಯ ನಿಶ್ಚಲವಾದ ಬಿಳಿಯ ಬೆಳಕು ಬಂದಾಗ ಅದೇ ವೇಷವು ಬಣ್ಣಗೆಟ್ಟಂತೆ ಕಂಡುದು ವೇಷದ ದೋಷವಲ್ಲ. ಒಂದು ಬೆಳಕಿಗೆ ಹೊಂದಿಸಿದ ಕಲೆಯನ್ನು ಇನ್ನೊಂದು ಬೆಳಕಿನಲ್ಲಿ ನಿಲ್ಲಿಸಿದುದರ ಫಲ.

ಇಲ್ಲಿ ಒಂದು ಮಾತನ್ನು ಮರೆಯಲಾಗದು. ಪಂಜು ತಾನಾಗಿ ನಿಲ್ಲುವುದಿಲ್ಲ. ಅದನ್ನು ಹಿಡಿಯುವವನು ಬೇಕು. ಅನೇಕ ಊರುಗಳಲ್ಲಿ ಆ ಕೆಲಸವು ಮಡಿವಾಳರಿಗೆ ವಂಶಪಾರಂಪರ್ಯವಾಗಿ ಬಂದಿದ್ದಿತು. ಅದು ಊರಿನ ಮರ್ಯಾದೆಗಳಲ್ಲಿ ಒಂದು ಹಕ್ಕಾಗಿಯೂ, ರಾತ್ರಿಯೆಲ್ಲ ಹೊಗೆಯನ್ನುಂಡು ಬಿಸಿಯೆಣ್ಣೆಯ ಹನಿಗೆ ಕೈಯೊಡ್ಡುವ ಹೊರೆಯಾಗಿಯೂ ಇದ್ದಿತು. ಎಲ್ಲರ ಮುಖವನ್ನೂ ಬೆಳಗಿದವನ ಮುಖವನ್ನು ನೋಡಿದವರು ಕಡಿಮೆ. ಹಳೆಯ ಬೆಳಕಿನ ಸೊಬಗನ್ನು ಹೊಗಳುವವರು ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೆರವಣಿಗೆಯ ಬೆಳಕಿಗೆ ಈ ಸೀಮೆಯ ಉತ್ತಮ ನಿದರ್ಶನವು ವೀರಭದ್ರನ ಗುಗ್ಗಳ. ಉರಿಯುವ ಗುಗ್ಗಳದ ಕೊಡಗಳನ್ನು ಹೊತ್ತು, ಸಮಾಳದ ಬಡಿತಕ್ಕೆ ಹೆಜ್ಜೆಯಿಡುತ್ತ, ಪುರವಂತರು ಕತ್ತಿ ಹಿಡಿದು ಒಡಪುಗಳನ್ನು ಹೇಳುತ್ತ ಬೀದಿಯಲ್ಲಿ ಸಾಗುವಾಗ ಅಟ್ಟವೇ ಬೇಕಾಗುವುದಿಲ್ಲ, ಊರೇ ರಂಗವಾಗುತ್ತದೆ. ಬೆಳಕು ಬಂದ ಮನೆಯ ಮುಂದೆ ಆಟವೂ ಬರುತ್ತದೆ, ಮುಂದೆ ಸಾಗುತ್ತದೆ. ವೀರಭದ್ರನ ಗುಡಿಯಿರುವ ಊರುಗಳಲ್ಲಿ ವರದೆಯ ಬದಿಯ ಹೊಸರಿತ್ತಿಯೂ ಒಂದು. ಆ ಗುಡಿಯ ಹೆಸರು ನಾಡಿನ ಚರಿತ್ರೆಯಲ್ಲಿ ಬೇರೊಂದು ಕಾರಣದಿಂದಲೂ ನಿಂತಿದೆ. ೧೯೪೩ರ ಎಪ್ರಿಲ್ ೧ರಂದು, ಅಲ್ಲಿ ಇರಿಸಿದ್ದ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಬಂದ ಮೈಲಾರ ಮಹಾದೇವಪ್ಪನವರೂ, ಅವರ ಸಂಗಡಿಗರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಪೋಲೀಸರ ಗುಂಡಿಗೆ ಬಲಿಯಾದರು. ದೇವರ ಗುಡಿಯಲ್ಲಿ ಸರಕಾರದ ಹಣವಿದ್ದುದೂ, ಅದಕ್ಕಾಗಿ ಅಲ್ಲಿ ಪ್ರಾಣಗಳು ಹೋದುದೂ ಒಂದು ವಿಷಯವನ್ನು ತೋರಿಸಿಕೊಡುತ್ತವೆ: ಹಬ್ಬದ ದೀಪವು ಉರಿಯುವ ತಾಣವೇ ಊರಿನ ಸಾರ್ವಜನಿಕ ಜೀವನದ ತಾಣ. ಅದು ಯಾರದೆಂಬ ಪ್ರಶ್ನೆಯು ಅಲಂಕಾರದ ಪ್ರಶ್ನೆ ಮಾತ್ರವಲ್ಲ.

೫. ನಗದ ಕಾಮ, ದೀಪವಿಲ್ಲದ ಕಾರ್ಣಿಕ

ನೋಟಕನೇ ನೋಟದ ಅಂಗವಾಗುವ ಹಳೆಯ ಪದ್ಧತಿಯು ಪೂರ್ಣವಾಗಿ ಅಳಿದಿಲ್ಲವೆಂಬುದಕ್ಕೆ ರಾಣೇಬೆನ್ನೂರಿನ ಹೋಳಿಯ ಹಬ್ಬವೇ ಸಾಕ್ಷಿ. ಬೇರೆಡೆಗಳಲ್ಲಿ ಕಾಮಣ್ಣನ ಬೊಂಬೆಯನ್ನು ಕೂರಿಸುವಂತೆ ಅಲ್ಲಿ ಜೀವಂತರಾದ ಇಬ್ಬರನ್ನು ರತಿ-ಕಾಮರ ವೇಷದಲ್ಲಿ ಬೀದಿಯಲ್ಲಿ ಶೃಂಗರಿಸಿದ ವೇದಿಕೆಯ ಮೇಲೆ ಕೂರಿಸುವ ವಾಡಿಕೆಯು ಹಲವು ದಶಕಗಳಿಂದ ಬಂದಿದೆ. ಅವರು ನಗಬಾರದು. ನೆರೆದ ಜನರು ಮುಂದೆ ನಿಂತು ಮಾತಿನಿಂದಲೂ ಹಾವಭಾವಗಳಿಂದಲೂ ಅವರನ್ನು ನಗಿಸಲು ಯತ್ನಿಸಬೇಕು. ನಗಿಸಿದವರಿಗೆ ಬಹುಮಾನವೆಂದು ಸಾರಲಾಗುತ್ತದೆ. ವೇದಿಕೆಯ ಮೇಲಿನವರು ಅಲುಗದೆ ಕುಳಿತಿರುತ್ತಾರೆ. ಆಟವಾಡುವವರು ಕೆಳಗಿನ ಜನ. ದೀಪವು ರತಿ-ಕಾಮರ ಮೇಲಿದ್ದರೂ ನಗೆಯು ಬೀದಿಯಲ್ಲಿದೆ. ರಂಗಕ್ಕೂ ಸಭೆಗೂ ಇರುವ ಸ್ಥಾನಗಳು ಹೀಗೆ ಅದಲುಬದಲಾಗುವುದು ಪಂಡಿತರ ಯಾವ ಲಕ್ಷಣಗ್ರಂಥದಿಂದಲೂ ಕಲಿತುದಲ್ಲ. ಹರಿಹರನ ಗಿರಿಜಾಕಲ್ಯಾಣದಲ್ಲಿ ಕಾಮನು ಉರಿದು ಬೂದಿಯಾಗಿ ರತಿಯು ಪ್ರಲಾಪಿಸುತ್ತಾಳೆ. ಅಂಡಯ್ಯನ ಕಬ್ಬಿಗರ ಕಾವದಲ್ಲಿ ಗೆಲುವು ಕಾಮನದೇ. ರಾಣೇಬೆನ್ನೂರಿನ ಬೀದಿಯು ಈ ಎರಡನ್ನೂ ಕೂಡಿಸಿಕೊಂಡಂತಿದೆ: ನಗದೆ ಕುಳಿತು ಜನವನ್ನೆಲ್ಲ ಸೋಲಿಸುವ ಕಾಮ ಒಂದೆಡೆ, ಹಬ್ಬದ ಕೊನೆಗೆ ದಹನವಾಗುವ ಕಾಮ ಇನ್ನೊಂದೆಡೆ. ಆ ದಹನದ ಉರಿಯೇ ಹಬ್ಬದ ಕಡೆಯ ದೀಪ.

ಇದಕ್ಕೆ ಪ್ರತಿಯಾಗಿ ಇದೇ ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಸಂದರ್ಭದಲ್ಲಿ ನಡೆಯುವ ಮಾಲತೇಶನ ಕಾರ್ಣಿಕವನ್ನು ನೋಡಬಹುದು. ಅಲ್ಲಿ ದೀಪದ ಚಮತ್ಕಾರವಿಲ್ಲ. ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನು ಗೊರವಯ್ಯನು ಏರುತ್ತಾನೆ. ‘ಸದ್ದಲೇ’ ಎಂಬ ಕೂಗಿಗೆ ಅಷ್ಟು ದೊಡ್ಡ ಜನಸ್ತೋಮವೂ ಮೌನವಾಗುತ್ತದೆ. ಒಂದು ಸಾಲಿನ ನುಡಿಯು ಬೀಳುತ್ತದೆ. ಅವನು ಕೆಳಕ್ಕೆ ಧುಮುಕುತ್ತಾನೆ. ಅದರ ಅರ್ಥವನ್ನು ಮಳೆಗೂ ಬೆಳೆಗೂ ರಾಜಕಾರಣಕ್ಕೂ ಹೊಂದಿಸುತ್ತ ಜನರು ಮನೆಗೆ ಮರಳುತ್ತಾರೆ. ರಂಗಕ್ಕೆ ಬೇಕಾದುದು ಎತ್ತರ. ಜನದ ಮನಸ್ಸನ್ನು ಒಂದೆಡೆಗೆ ತರಲು ಬೇಕಾದುದು ಬೆಳಕು ಅಥವಾ ಮೌನ. ಬೆಳಕು ಮಾಡುವ ಕೆಲಸವನ್ನು ಇಲ್ಲಿ ಮೌನವೇ ಮಾಡುತ್ತದೆ. ಉತ್ಸವಗಳಿಗೆ ದೀಪದ ಮೇಲೆ ದೀಪವನ್ನು ಪೇರಿಸುವವರು ಯೋಚಿಸತಕ್ಕ ನಿದರ್ಶನವಿದು.

೬. ಸ್ಥಿರವಾದ ಬೆಳಕು

೧೮೭೦ರ ದಶಕದಲ್ಲಿ ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಲಿಯನ್ನು ಕಟ್ಟಿದುದರಿಂದ ಉತ್ತರ ಕರ್ನಾಟಕದ ರಂಗಭೂಮಿಗೆ ಹೊಸ ದಿಕ್ಕು ದೊರೆಯಿತು. ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ ಹುಟ್ಟಿದ ಸಕ್ಕರಿ ಬಾಳಾಚಾರ್ಯರೇ ಶಾಂತಕವಿಗಳು. ೧೮೪೩ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆಯವರು ಆರಂಭಿಸಿದ ಮರಾಠೀ ರಂಗಭೂಮಿಗೆ ಅದರ ಹಿಂದಿನ ವರ್ಷ ಅಲ್ಲಿ ಆಡಿದ ಉತ್ತರ ಕನ್ನಡದ ಕರ್ಕಿಯ ಮೇಳವೇ ಪ್ರೇರಣೆಯಾಗಿದ್ದಿತು. ಮೂರು ದಶಕಗಳ ಬಳಿಕ ಮರಾಠೀ ನಾಟಕಗಳ ಪ್ರಾಬಲ್ಯಕ್ಕೆ ಎದುರಾಗಿ ಕನ್ನಡದ ಮಂಡಲಿಯನ್ನು ಕಟ್ಟಬೇಕಾಯಿತೆಂಬುದು ಕಾಲದ ವಿನೋದ. ಶಿರಹಟ್ಟಿ, ಗದಗ, ಹಲಗೇರಿ ಮುಂತಾದ ಊರುಗಳಿಂದ ಹೊರಟ ಮಂಡಲಿಗಳಲ್ಲಿ ಪರದೆ, ಪಾರ್ಶ್ವಗಳು, ರಂಗದ ಅಂಚಿನ ದೀಪಗಳು ಬಂದುವು. ಅಂದಿನಿಂದ ಬೆಳಕು ವೇದಿಕೆಯನ್ನು ಸೇರಿತು. ಸಭೆಯು ಕತ್ತಲನ್ನು ಸೇರಿತು. ರಸಾಸ್ವಾದಕ್ಕೆ ಏಕಾಗ್ರತೆಯು ದೊರೆಯಿತು. ಪರಸ್ಪರ ಮುಖ ನೋಡಿಕೊಳ್ಳುವ ಸುಖವು ಹೋಯಿತು.

ದಕ್ಷಿಣದಲ್ಲಿ ಇದೇ ಬದಲಾವಣೆಯು ನಗರದ ಪ್ರಮಾಣದಲ್ಲಿ ನಡೆಯಿತು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯು ವಿಜಯನಗರದ ಮಹಾನವಮಿಯ ವಾರಸುದಾರ. ಶಿವನಸಮುದ್ರದಲ್ಲಿ ೧೯೦೨ರಲ್ಲಿ ಉತ್ಪನ್ನವಾಗತೊಡಗಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ, ಅನಂತರ ಮೈಸೂರಿಗೂ ಬಂದಿತು. ೧೮೯೭ರ ಬೆಂಕಿಯ ಬಳಿಕ ಹೆನ್ರಿ ಇರ್ವಿನರ ನಕ್ಷೆಯಂತೆ ಕಟ್ಟಿ ೧೯೧೨ರಲ್ಲಿ ಮುಗಿಸಿದ ಮೈಸೂರಿನ ಅರಮನೆಯು ಇಂದು ಸುಮಾರು ಒಂದು ಲಕ್ಷ ದೀಪಗಳಿಂದ ಬೆಳಗುತ್ತದೆ. ಗುಮ್ಮಟ, ಕಮಾನು, ಅಂಚುಗಳ ಮೇಲೆ ಸಾಲಾಗಿ ಕೂಡಿಸಿದ ಈ ದೀಪಗಳು ಕಟ್ಟಡವನ್ನು ಬೆಳಗುವುದಕ್ಕಿಂತ ಹೆಚ್ಚಾಗಿ ಅದನ್ನು ಬೆಳಕಿನ ಗೆರೆಗಳಲ್ಲಿ ಬರೆದು ತೋರಿಸುತ್ತವೆ. ಇದರ ಸೌಂದರ್ಯವು ನಿರ್ವಿವಾದ. ಆದರೆ ಪಾಯಸನ ಬಯಲಿಗೂ ಇದಕ್ಕೂ ಒಂದು ಭೇದವಿದೆ: ಅಲ್ಲಿ ದೀಪಗಳು ಜನವನ್ನು ಸುತ್ತಿದ್ದುವು; ಇಲ್ಲಿ ಜನವು ದೀಪವನ್ನು ದೂರದಿಂದ ನೋಡುತ್ತದೆ. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಮಾತ್ರ, ಮನುಷ್ಯನ ಕೈಯೊಡನೆ ಚಲಿಸುವ ಹಳೆಯ ಬೆಳಕು ತನ್ನ ಗುಣವನ್ನು ಇನ್ನೂ ಉಳಿಸಿಕೊಂಡಿದೆ.

ಕಾರ್ತಿಕದ ಲಕ್ಷದೀಪೋತ್ಸವಗಳಲ್ಲಿ ಭಕ್ತರು ತಾವೇ ಹಣತೆಗಳನ್ನು ಹಚ್ಚುವುದರಿಂದ ಆ ಸಂಬಂಧವು ಕಡಿದುಹೋಗಿಲ್ಲ. ಧರ್ಮಸ್ಥಳದ ಲಕ್ಷದೀಪೋತ್ಸವದೊಡನೆ ೧೯೩೩ರಿಂದ ಸರ್ವಧರ್ಮ ಸಮ್ಮೇಳನವೂ, ಅದರ ಜೊತೆಗೆ ಸಾಹಿತ್ಯ ಸಮ್ಮೇಳನವೂ ನಡೆದುಬರುತ್ತಿರುವುದು ರಂಗಭೋಗದ ಪರಿಧಿಯೊಳಕ್ಕೆ ವಿದ್ವತ್ತೂ ಪ್ರವೇಶಿಸಿದುದಕ್ಕೆ ನಿದರ್ಶನವಾಗಿದೆ. ೨೦೨೩ರ ಜನವರಿಯಲ್ಲಿ ಹಾವೇರಿಯಲ್ಲಿ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದುದೂ ಇದೇ ಪರಂಪರೆಯ ಒಂದು ಕೊಂಡಿಯೆಂದು ಹೇಳಬಹುದು.

೭. ಉಪಸಂಹಾರ

ಮೇಲೆ ಹೇಳಿದುದರಿಂದ ಮೂರು ಸಂಗತಿಗಳು ತೋರಿಬರುತ್ತವೆ. ಒಂದನೆಯದಾಗಿ, ಬೆಳಕು ಮತ್ತು ರಂಗಗಳ ಜೋಡಿಯು ಕನ್ನಡ ನಾಡಿನಲ್ಲಿ ಶಾಸನಗಳ ಕಾಲದಿಂದಲೂ ಬಂದುದು; ಅದು ವಿದ್ಯುತ್ತಿನ ಅಥವಾ ಪರಕೀಯ ರಂಗಭೂಮಿಯ ಕೊಡುಗೆಯಲ್ಲ. ಎರಡನೆಯದಾಗಿ, ಪ್ರತಿಯೊಂದು ದೀಪವೂ ತನ್ನದೇ ಆದ ವೇಷವನ್ನೂ ಬಣ್ಣವನ್ನೂ ಬಯಸುತ್ತದೆ. ಬೆಳಕನ್ನು ಬದಲಿಸಿ ವೇಷವನ್ನು ಹಾಗೆಯೇ ಇಟ್ಟರೆ ಕಲೆಯು ಕೆಡುತ್ತದೆ. ಮೂರನೆಯದೂ ಮುಖ್ಯವಾದುದೂ ಯಾವುದೆಂದರೆ, ಎಣ್ಣೆ ಕೊಟ್ಟವನೂ ಪಂಜು ಹಿಡಿದವನೂ ಅಟ್ಟ ಕಟ್ಟಿದವನೂ ಊರವನೇ ಆಗಿದ್ದಾಗ ಉತ್ಸವವು ಊರಿನದಾಗಿದ್ದಿತು. ಇಂದು ಕೂಲಿಗೆ ಗೊತ್ತುಮಾಡಿ ತರಿಸಿದ ದೀಪಮಾಲೆಗಳು ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯಾಗಿ ಉರಿಯುತ್ತವೆ. ಹಬ್ಬ ಮುಗಿದೊಡನೆ ಬಂಡಿಯೇರಿ ಮುಂದಿನ ಊರಿಗೆ ಹೋಗುತ್ತವೆ.

ಇದರಿಂದ ಪಂಜಿನ ಕಾಲಕ್ಕೆ ಮರಳಬೇಕೆಂದು ಅರ್ಥವಲ್ಲ. ವಿದ್ಯುದ್ದೀಪವು ಪಂಜು ಹಿಡಿಯುವವನ ಕೈಗೆ ಬಿಡುಗಡೆಯನ್ನು ಕೊಟ್ಟಿತು. ಅವನೂ ಕುಳಿತು ಆಟವನ್ನು ನೋಡುವಂತಾಯಿತು. ಅದು ಸಣ್ಣ ಲಾಭವಲ್ಲ. ಆದರೆ ಹೊರೆಯು ಇಳಿದಾಗ ಪಾಲೂ ಇಳಿದುಹೋಗಬೇಕಾದ ಕಾರಣವಿಲ್ಲ. ಯಾವ ದೀಪವನ್ನೇ ಹಚ್ಚಲಿ, ಅದನ್ನು ಎಲ್ಲಿ ಇಡಬೇಕು, ಎಲ್ಲಿ ಕತ್ತಲನ್ನು ಬಿಡಬೇಕು, ಯಾರ ಮುಖವು ಕಾಣಬೇಕೆಂಬುದನ್ನು ಊರವರೇ ಕುಳಿತು ನಿಶ್ಚಯಿಸುವುದಾದರೆ ಗಾಣಿಗರ ಹಳೆಯ ಕಟ್ಟು ಹೊಸ ರೂಪದಲ್ಲಿ ಬಾಳುತ್ತದೆ. ಅಂಗಭೋಗ ರಂಗಭೋಗಗಳ ದತ್ತಿಗಳನ್ನು ಊರೂರಿನ ಕಲ್ಲುಗಳಿಂದ ಆಯ್ದು, ಎಣ್ಣೆಯ ಅಳತೆ, ಕೊಟ್ಟ ಒಕ್ಕಲು, ನಡೆದ ಹಬ್ಬ ಇವುಗಳ ಪಟ್ಟಿಯೊಂದನ್ನು ಸಿದ್ಧಗೊಳಿಸುವ ಕಾರ್ಯವನ್ನು ವಿದ್ವಾಂಸರು ಕೈಗೊಂಡರೆ, ಉತ್ಸವಗಳ ಚರಿತ್ರೆಗೆ ಮಾತ್ರವಲ್ಲದೆ ಇಂದಿನ ಉತ್ಸವಗಳನ್ನು ನಡೆಸುವವರಿಗೂ ಅದು ದಾರಿದೀಪವಾದೀತು.